ಹುಂಜ ಬಿಟ್ಟುಹೋದ ಸದ್ದು

ಬೇರೆಯವರ ಝೆರಾಕ್ಸ್ ಅಂಗಡಿಗೆ ಆಧಾರ್ ಕಾರ್ಡು ಬರುತ್ತದೆ, ಹೋಗುತ್ತದೆ. ನನ್ನ ಅಂಗಡಿಗೆ ಮಾತ್ರ ಅದರ ಬೆನ್ನ ಹಿಂದೆ ಇನ್ನೇನಾದರೂ ಬಂದು ಕೂತುಬಿಡುತ್ತದೆ. ಯಾಕೆ ಹೀಗೆ ಅಂತ ನಾನು ಯೋಚಿಸುವುದನ್ನು ಬಿಟ್ಟು ಬಹಳ ಕಾಲವಾಯಿತು.

ನಾನು ಮೊದಲು ಜಯನಗರದ ಒಂದು ಝೆರಾಕ್ಸ್ ಅಂಗಡಿಯಲ್ಲಿ ಮೆಷಿನ್ ಮುಂದೆ ನಿಂತು ಕೆಲಸ ಮಾಡಿದವಳು. ಬನಶಂಕರಿಯಲ್ಲಿ ಸ್ವಂತದ್ದು ಇಡ್ತೀನಿ, ಥೀಸಿಸ್ ಟೈಪಿಂಗು, ಬೈಂಡಿಂಗು ಮಾಡ್ತೀನಿ ಅಂದಾಗ ಅಲ್ಲಿಯ ಮಾಲೀಕರು ತಲೆಯೆತ್ತದೆ ಹೇಳಿದರು: "ನಿನಗೆ ಹಾಳೆ ಜೋಡಿಸೋಕೆ ಬರುತ್ತೆ ಕಣಮ್ಮ, ಓದೋಕೆ ಬರಲ್ಲ. ಏಳನೇ ಕ್ಲಾಸು. ಥೀಸಿಸ್ ಅಂದ್ರೆ ಓದಿದವರ ಜತೆ ವ್ಯವಹಾರ. ನೀನು ಆರು ತಿಂಗಳು ನಡೆಸಿದ್ರೆ ನಾನು ನನ್ನ ಹೆಸರು ಬದಲಾಯಿಸ್ಕೋತೀನಿ."

ಅವತ್ತೇ ಒಂದು ನಿಯಮ ಮಾಡಿಕೊಂಡೆ. ನನ್ನ ಅಂಗಡಿಯಿಂದ ಹೋಗುವ ಯಾವ ಪುಸ್ತಕವೂ ನಾನು ಮೊದಲಿನಿಂದ ಕೊನೆಯವರೆಗೆ ಓದದೆ ಹೋಗಕೂಡದು. ಪಕ್ಕದಲ್ಲಿ ಡಿಕ್ಷನರಿ ಇಟ್ಟುಕೊಂಡು ಓದಿದೆ. ರೇಷ್ಮೆ ಹುಳು ಓದಿದೆ, ಸಿಮೆಂಟು ಓದಿದೆ, ಮಂಡಿನೋವು ಓದಿದೆ. ಅವರು ಹೆಸರು ಬದಲಾಯಿಸಿಕೊಳ್ಳಲಿಲ್ಲ. ನಾನು ಬೋರ್ಡು ಇಳಿಸಲಿಲ್ಲ.

ಸಿಂಹ

ಎರಡು ವರ್ಷದ ಹಿಂದೆ ಒಬ್ಬ ಸಂಶೋಧಕಿ ಬಂದರು. ಅಂಗಡಿಯಲ್ಲಿ ನಾವೆಲ್ಲ ಅವರನ್ನು ಪ್ಲಾಸ್ಮಾ ಮೇಡಂ ಅನ್ನುತ್ತಿದ್ದೆವು. ಸೂರ್ಯನಿಂದ ಸದಾ ಒಂದು ಗಾಳಿ ಬೀಸುತ್ತದಂತೆ. ಗಾಳಿ ಅಂದರೆ ನಮ್ಮ ಗಾಳಿಯಲ್ಲ, ವಿದ್ಯುತ್ ತುಂಬಿದ ಕಣಗಳು. ಅದಕ್ಕೇ ಪ್ಲಾಸ್ಮಾ ಅನ್ನುವುದು. ಅದು ನಮ್ಮ ಭೂಮಿಯ ಕಡೆ ನುಗ್ಗಿ ಬಂದಾಗ, ಭೂಮಿಯ ಕಾಂತಕ್ಷೇತ್ರ ದೂರದಲ್ಲೇ ಅದನ್ನು ತಡೆಯುತ್ತದೆ. ತಡೆದ ಕಡೆ ಒಂದು ಆಘಾತದ ಅಲೆ ಏಳುತ್ತದೆ. ಅಲ್ಲಿಗೆ ನಾಲ್ಕು ನೌಕೆಗಳನ್ನು ಕಳಿಸಿ ಅಳೆದಿದ್ದಾರೆ. ಮೇಡಂ ಥೀಸಿಸ್ಸು ಆ ಅಳತೆಗಳ ಮೇಲೆ.

ಅದೇ ವಾರ ಬನ್ನೇರುಘಟ್ಟದ ಪ್ರಾಣಿಗಳ ಮೇಲೆ ಬರೆದವರೊಬ್ಬರ ಥೀಸಿಸ್ಸೂ ಬೈಂಡಿಂಗಿಗೆ ಬಂದಿತ್ತು, ಮರುದಿನವೇ ಅವರ ಮೌಖಿಕ ಪರೀಕ್ಷೆ. ಮೇಡಂ ಹಾಳೆಗಳನ್ನು ಓದುತ್ತಾ ಹೋದೆ. ಕಾಂತಕ್ಷೇತ್ರ, ಕಣ, ಅಲೆ, ಎಲ್ಲ ಸರಿ. ಇದ್ದಕ್ಕಿದ್ದಂತೆ ಒಂದು ಬಣ್ಣದ ಚಿತ್ರದ ಹಾಳೆ, ಅದರ ಕೆಳಗೆ ಇಂಗ್ಲಿಷಿನಲ್ಲಿ 'ಸಿಂಹ ಘರ್ಜನೆಗಳು' ಅಂತ. ಬಣ್ಣದ ಹಾಳೆಗಳಿಗೆ ಪುಟ ಸಂಖ್ಯೆ ಹಾಕುವುದಿಲ್ಲ. ಮೇಲಿನ ಫ್ಯಾನಿಗೆ ಹಾರಿ ಸೇರಿಕೊಂಡಿದೆ ಅಂದುಕೊಂಡು, ಅದನ್ನು ಬನ್ನೇರುಘಟ್ಟದವರ ಪುಸ್ತಕದಲ್ಲಿ, ಸಿಂಹದ ಅಧ್ಯಾಯಕ್ಕೇ ಸೇರಿಸಿ ಹೊಲಿದುಬಿಟ್ಟೆ.

ಮೇಡಂ ಬಂದು ಹಾಳೆ ತಿರುವಿ, "ಆಂಟಿ, ನನ್ನ ಸಿಂಹ ಎಲ್ಲಿ?" ಅಂದರು.

ಆಮೇಲೆ ಗೊತ್ತಾಯಿತು. ಆಘಾತ ದಾಟಿ ಒಳಗೆ ಬಂದ ಜಾಗದಲ್ಲಿ ಏಳುವ ಒಂದು ಜಾತಿ ಅಲೆಗೆ ವಿಜ್ಞಾನಿಗಳೇ ಇಟ್ಟಿರುವ ಹೆಸರು ಅದು. ಅದನ್ನು ಸದ್ದಾಗಿ ಬದಲಾಯಿಸಿ ಕೇಳಿದರೆ ಗುರ್ ಅನ್ನುತ್ತದಂತೆ.

ಬನ್ನೇರುಘಟ್ಟದವರಿಗೆ ಕೂಡಲೇ ಫೋನ್ ಮಾಡಿದೆ. ಅಷ್ಟರಲ್ಲಿ ಅವರ ಪರೀಕ್ಷೆ ಮುಗಿದಿತ್ತು. ಅವರು ಬಹಳ ಖುಷಿಯಲ್ಲಿದ್ದರು. "ಅಕ್ಕ, ಅದೊಂದು ಚಿತ್ರ ನೋಡಿ ಪರೀಕ್ಷಕರು, ನೀವು ಕಾಡಲ್ಲಿ ಎಷ್ಟು ಕಷ್ಟಪಟ್ಟಿದ್ದೀರಿ ಅಂತ ಗೊತ್ತಾಗುತ್ತೆ ಅಂದ್ರು."

ಯಾರೂ ಮುಟ್ಟದ ಡಿಕ್ಕಿ

ನನಗೆ ಅರ್ಥವಾಗದ ವಾಕ್ಯ ಒಂದಿತ್ತು. ಆ ಆಘಾತದಲ್ಲಿ ಕಣಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವುದಿಲ್ಲ ಅಂತ ಬರೆದಿದ್ದರು.

"ಮೇಡಂ, ಇದು ತಪ್ಪಿರಬೇಕು. ಮುಟ್ಟದೆ ಹೇಗೆ ಆಘಾತ ಆಗುತ್ತೆ?"

"ತಪ್ಪಲ್ಲ ಆಂಟಿ. ಅಲ್ಲಿ ಕಣಗಳು ಎಷ್ಟು ವಿರಳ ಅಂದ್ರೆ ಒಂದನ್ನೊಂದು ಮುಟ್ಟೋದೇ ಇಲ್ಲ. ಆದ್ರೂ ಎಲ್ಲಾ ಒಟ್ಟಿಗೆ ತಡೆದು ನಿಲ್ತಾವೆ. ಕಾಂತಕ್ಷೇತ್ರದ ಹಿಡಿತ."

"ನನಗೆ ನಂಬಿಕೆ ಬರಲಿಲ್ಲ. ಬೈಂಡ್ ಮಾಡಲ್ಲ" ಅಂದೆ. ಮೇಡಂ ಪೆನ್ನು ಹಿಡಿದು ಚಿತ್ರ ಬರೆದರು, ನಾಣ್ಯ ಜೋಡಿಸಿದರು. ನಾನು ತಲೆಯಾಡಿಸಲಿಲ್ಲ.

ಆಗ ಬಾಗಿಲಿಗೆ ಜಯನಗರದ ನನ್ನ ಹಳೇ ಮಾಲೀಕರು ಬಂದರು. ಮೊಮ್ಮಗಳ ಪ್ರಾಜೆಕ್ಟ್ ಬೈಂಡ್ ಮಾಡಿಸಬೇಕಿತ್ತು, ಯಾರೋ ನನ್ನ ಅಂಗಡಿ ಹೇಳಿ ಕಳಿಸಿದ್ದರು. ಅದು ನನ್ನದು ಅಂತ ಹೇಳಿರಲಿಲ್ಲ. ಅವರು ನನ್ನನ್ನು ನೋಡಿ ಹೊಸ್ತಿಲ ಮೇಲೇ ನಿಂತರು. ಅವರ ಹಿಂದೆ ಬರುತ್ತಿದ್ದ ಹೆಂಗಸು ನಿಂತಳು. ಅವಳ ಹಿಂದಿನವರೂ ನಿಂತರು. ರಸ್ತೆಯವರೆಗೆ ಐದಾರು ಜನ ತಟಕ್ಕನೆ ನಿಂತರು. ಒಬ್ಬರ ಮೈ ಒಬ್ಬರಿಗೆ ತಾಗಿರಲಿಲ್ಲ. ನಾನು ಮಾತಾಡಿರಲಿಲ್ಲ, ಕೂತ ಕಡೆಯಿಂದ ಎದ್ದೂ ಇರಲಿಲ್ಲ.

"ಅರ್ಥ ಆಯ್ತು ಮೇಡಂ. ಬೈಂಡ್ ಮಾಡ್ತೀನಿ" ಅಂದೆ.

ಪೆನ್ ಡ್ರೈವ್

ಥೀಸಿಸ್ಸಿನ ಜತೆ ಒಂದು ಪೆನ್ ಡ್ರೈವೂ ಕೊಡಬೇಕಿತ್ತು. ನೌಕೆಗಳು ಅಳೆದ ಅಲೆಗಳನ್ನು ಮನುಷ್ಯರ ಕಿವಿಗೆ ಕೇಳುವ ಹಾಗೆ ಸದ್ದಾಗಿ ಮಾಡಿ ಅದರಲ್ಲಿ ತುಂಬಿದ್ದರು. ನಿಯಮ ಅಂದರೆ ನಿಯಮ. ಓದುವ ಪುಟ ಓದಬೇಕು, ಕೇಳುವ ಪುಟ ಕೇಳಬೇಕು. ಸ್ಪೀಕರಿಗೆ ಹಾಕಿದೆ.

ಮೊದಲಿನದು ಯಾರೋ ದೂರದಿಂದ ಸಿಳ್ಳೆ ಹಾಕುತ್ತಾ ಬಾವಿಗೆ ಬಿದ್ದ ಹಾಗಿತ್ತು. ಎರಡನೆಯದು ಗುರ್. ಮೂರನೆಯದನ್ನು ಹೇಗೆ ಹೇಳಲಿ. ನೂರಾರು ಸಣ್ಣ ಗಂಟಲುಗಳು ಒಂದಾದ ಮೇಲೊಂದು ಮೇಲಕ್ಕೆ ಕೂಗುತ್ತವೆ. ಉತ್ತರ ಕೊಡುವ ಹಾಗೆ ಇನ್ನೊಂದಷ್ಟು ಕೂಗುತ್ತವೆ. ಹಕ್ಕಿ ಅನ್ನೋಣ ಅಂದರೆ ಹಕ್ಕಿ ಅಲ್ಲ. ಉಸಿರಿಲ್ಲದವು ಹಕ್ಕಿಯನ್ನು ಅಣಕಿಸಿದ ಹಾಗೆ. ಮಟಮಟ ಮಧ್ಯಾಹ್ನ, ಹೊರಗೆ ಬಿಸಿಲು, ನನ್ನ ಮೈಮೇಲಿನ ರೋಮ ಎದ್ದು ನಿಂತಿತ್ತು.

ಜಾತಕ ಝೆರಾಕ್ಸ್ ಮಾಡಿಸಲು ಬಂದಿದ್ದ ಹೆಂಗಸು ಜಾತಕ ಬಿಟ್ಟು ಓಡಿದಳು. ಪಕ್ಕದ ಟೈಲರ್ ಅಕ್ಕ ಕತ್ತರಿ ಹಿಡಿದೇ ಬಂದು ನೋಡಿ ಹೋದಳು. ಒಬ್ಬರು ಮಾತ್ರ ಕದಲದೆ ನಿಂತಿದ್ದರು, ಬಿಲ್ಡಿಂಗ್ ಓನರ್ ತಾಯಿ. ಮೊದಲ ಮಹಡಿಯಲ್ಲಿ ಮಗನ ಜತೆ ಇದ್ದ ಅಜ್ಜಿ. ಪೆನ್ಷನ್ ಕಾಗದ ಹಿಡಿದು ಬಂದವರು ಬಾಗಿಲಿಗೆ ಒರಗಿದ್ದರು, ಕೈಯಲ್ಲಿ ಮೊಬೈಲು.

"ಇನ್ನೊಂದ್ಸಲ ಹಾಕವ್ವ" ಅಂದರು. ಹಾಕಿದೆ.

ಜಾತಕದ ಹೆಂಗಸು ಮಾರನೆಯ ದಿನ ದೂರ ನಿಂತು ಮಗನನ್ನು ಕಳಿಸಿದಳು. ಅವನು ಕೇಳಿದ: "ಆಂಟಿ, ಅಮ್ಮ ಕೇಳ್ತಿದಾರೆ, ಆ ಸದ್ದು ನಮ್ಮ ಜಾತಕದಿಂದಲೇ ಬಂದಿದ್ದಾ?"

ನಮ್ಮ ಲೈನ್ ಅಲ್ಲ

ಪುಸ್ತಕ, ಪೆನ್ ಡ್ರೈವು ಎಲ್ಲ ಮೇಡಂ ತೆಗೆದುಕೊಂಡು ಹೋದರು. ಸದ್ದು ಹೋಗಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಐದೂವರೆಗೆ ಶಟರ್ ಎತ್ತಿದಾಗ ಕೇಳಿಸಿತು. ಕಂಪ್ಯೂಟರ್ ಆಫ್, ಸ್ಪೀಕರಿನ ವಯರು ನನ್ನ ಕೈಯಲ್ಲೇ ಇತ್ತು. ಗೋಡೆಯೊಳಗಿಂದ ಬಂದ ಹಾಗೆ ಅದೇ ಗಂಟಲುಗಳು. ಟೈಲರ್ ಅಕ್ಕನಿಗೂ ಕೇಳಿಸಿತು. ಗೇಟಿನ ಪಕ್ಕ ಹೂವು ಮಾರುವವಳಿಗೂ ಕೇಳಿಸಿತು. ಒಂದು ವಾರದಲ್ಲಿ ರಸ್ತೆಗೆಲ್ಲ ಸುದ್ದಿ.

ನಮ್ಮ ಓನರ್ ಕೋಣನಕುಂಟೆಯ ಹಳೇ ರೈತರ ಮನೆಯವರು. ಹೊಲ ಲೇಔಟ್ ಆದ ಮೇಲೆ ಇಲ್ಲಿ ಬಿಲ್ಡಿಂಗ್ ಕಟ್ಟಿದವರು. ನಾನು ಬಾಡಿಗೆಗಿದ್ದ ಆ ಅಂಗಡಿ ಮಾರುವುದಾದರೆ ನನಗೇ ಅಂತ ಮಾತು ಕೊಟ್ಟಿದ್ದರು. ಈಗ ಒಂದು ಔಷಧಿ ಅಂಗಡಿಯವರು ಬಂದು ಕೇಳುತ್ತಿದ್ದರು. ಓನರ್ ಕೆಳಗೆ ಬಂದು ನನ್ನ ಮುಖ ನೋಡದೆ ಹೇಳಿದರು: "ಅಕ್ಕ, ನೀವು ಏನೇನೋ ಹಾಕಿ ಕರೆಸಿದ್ದೀರಿ. ಭಾನುವಾರದೊಳಗೆ ಆ ಸದ್ದು ನಿಲ್ಲಬೇಕು. ಇಲ್ಲಾಂದ್ರೆ ಖಾಲಿ ಮಾಡಿ."

"ಕೊಟ್ಟ ಮಾತು?"

"ಮಾತು ಕೊಟ್ಟಾಗ ದೆವ್ವ ಇರ್ಲಿಲ್ವಲ್ಲ ಅಕ್ಕ."

ಮರುದಿನ ಅವರೇ ಒಬ್ಬ ಮಂತ್ರವಾದಿಯನ್ನು ಕರೆತಂದರು. ಆತ ಝೆರಾಕ್ಸ್ ಮೆಷಿನ್ ಮೇಲೆ ನಿಂಬೆಹಣ್ಣು ಇಟ್ಟು, ಕಣ್ಣು ಮುಚ್ಚಿ, "ಎಲ್ಲಿಂದ ಬಂದಿದ್ದು ಇದು?" ಅಂತ ಕೇಳಿದ. ಆತ ಕೇಳಿದ ಪ್ರಶ್ನೆಗೆ ದೆವ್ವ ಉತ್ತರ ಕೊಡಬೇಕಿತ್ತು. ಆದರೆ ಆ ಹೊತ್ತಿಗೆ ತಿದ್ದುಪಡಿ ಹಾಳೆ ಹಿಡಿದು ಬಂದಿದ್ದ ಪ್ಲಾಸ್ಮಾ ಮೇಡಂ ಪಾಪ, ತಮ್ಮನ್ನೇ ಕೇಳಿದರು ಅಂದುಕೊಂಡರು.

"ಸೂರ್ಯನಿಂದ ಸಾರ್. ಮೂಲ ಶಕ್ತಿ ಸೂರ್ಯನದ್ದೇ. ಭೂಮಿ ಹತ್ರ ಸಿಕ್ಕಿಹಾಕ್ಕೊಂಡ ಮೇಲೆ ಹೀಗೆ ಕೂಗುತ್ತೆ."

ಮಂತ್ರವಾದಿ ಒಂದು ಕಣ್ಣು ತೆರೆದ. "ಸೂರ್ಯ?"

"ಹೌದು ಸಾರ್."

ಆತ ನಿಂಬೆಹಣ್ಣು ಎತ್ತಿ ಜೇಬಿಗೆ ಹಾಕಿಕೊಂಡ. "ಮೊದಲೇ ಹೇಳ್ಬೇಕಲ್ವಾ. ಸೂರ್ಯ ಅಂದ್ರೆ ಗ್ರಹದ ವಿಷಯ. ಜ್ಯೋತಿಷಿ ಹತ್ರ ಹೋಗಿ. ಇದು ನಮ್ಮ ಲೈನ್ ಅಲ್ಲ."

ನಾಲ್ಕು ಚೀಟಿ

ಭಾನುವಾರಕ್ಕೆ ಎರಡು ದಿನ ಇತ್ತು. ನಾನು ಥೀಸಿಸ್ಸಿನ ಮೂರನೇ ಅಧ್ಯಾಯ ನೆನಪಿಸಿಕೊಂಡೆ. ಒಂದೇ ನೌಕೆ ಕಳಿಸಿದರೆ ಅಲೆ ಎಲ್ಲಿಂದ ಬಂತು, ಯಾವ ಕಡೆ ಹೋಯಿತು ತಿಳಿಯುವುದಿಲ್ಲ. ನಾಲ್ಕು ಬೇಕು, ದೂರ ದೂರ ನಿಲ್ಲಿಸಬೇಕು, ಆಮೇಲೆ ನಾಲ್ಕೂ ಬರೆದದ್ದನ್ನು ಜೋಡಿಸಬೇಕು.

ಮೇಡಂಗೆ ಫೋನ್ ಮಾಡಿದೆ. ಅವರು ನಕ್ಕರು, ಆಮೇಲೆ ನಗು ನಿಲ್ಲಿಸಿದರು. "ನೌಕೆಗಳು ಯಾವುದಕ್ಕೆ ಮೊದಲು ತಾಗಿತು ಅಂತ ನೋಡ್ತಾವೆ ಆಂಟಿ. ಒಂದು ಬಿಲ್ಡಿಂಗಲ್ಲಿ ಅಷ್ಟು ಸೂಕ್ಷ್ಮದ ಗಡಿಯಾರ ನಮ್ಮ ಹತ್ರ ಇಲ್ಲ. ಯಾರಿಗೆ ಎಷ್ಟು ಜೋರು ಅಂತ ಬರೆಯೋಣ."

ಶನಿವಾರ ಬೆಳಿಗ್ಗೆ ಐದು ಗಂಟೆಗೆ ನಾಲ್ಕು ನೌಕೆಗಳು ಹೊರಟವು. ನಾನು ಅಂಗಡಿಯೊಳಗೆ. ಟೈಲರ್ ಅಕ್ಕ ಮೆಟ್ಟಿಲ ತಿರುವಿನಲ್ಲಿ. ಮೇಡಂ ಟೆರೇಸಿನಲ್ಲಿ, ತಲೆಗೆ ಸ್ಕಾರ್ಫ್ ಸುತ್ತಿಕೊಂಡು. ಹೂವಿನವಳು ಗೇಟಿನಲ್ಲಿ. ಪ್ರತಿಯೊಬ್ಬರ ಕೈಯಲ್ಲೂ ಒಂದು ಚೀಟಿ, ಒಂದು ಪೆನ್ಸಿಲು. ಓನರ್ ದಿನದ ಹಾಗೆ ವಾಕಿಂಗ್ ಹೋದರು. ಅವರು ತಿರುವಿನಲ್ಲಿ ಮರೆಯಾಗಿ ಸ್ವಲ್ಪ ಹೊತ್ತಿಗೆ ಸದ್ದು ಶುರುವಾಯಿತು.

ಕತ್ತಲೆಯಲ್ಲಿ ಒಬ್ಬಳೇ ಕೂತು ಬರೆದೆ. ಆ ಅಂಗಡಿ ಹೋದರೆ ನನಗೆ ಇನ್ನೊಂದು ಕಟ್ಟುವ ವಯಸ್ಸಿರಲಿಲ್ಲ.

ಸದ್ದು ನಿಂತ ಮೇಲೆ ಚೀಟಿ ಜೋಡಿಸಿದೆವು. ನನ್ನದು: ಮೆಲ್ಲಗೆ, ಮೇಲಿನಿಂದ. ಮೇಡಂದು: ಮೆಲ್ಲಗೆ, ಕೆಳಗಿನಿಂದ. ಟೈಲರ್ ಅಕ್ಕನದು: ಜೋರು, ಓನರ್ ಬಾಗಿಲ ಕಡೆಯಿಂದ. ಹೂವಿನವಳ ಚೀಟಿ ಮಾತ್ರ ಗೇಟಿನ ಕಂಬಕ್ಕೆ ಸಿಕ್ಕಿಸಿತ್ತು, ಅವಳು ಇರಲಿಲ್ಲ. ಅದರಲ್ಲಿ ಬರೆದಿತ್ತು: "ಕೇಳಿಸ್ತು. ಹೋಗ್ತಾ ಇದೀನಿ."

ಒಂದು ನೌಕೆ ಕಳೆದುಹೋದರೂ ಸಾಕಷ್ಟು ಮಾಹಿತಿ ಸಿಕ್ಕಿದೆ ಅಂತ ಮೇಡಂ ಹೇಳಿದರು.

ಅಜ್ಜಿ

ಓನರ್ ಮನೆ ಬಾಗಿಲು ತಟ್ಟಿದೆವು. ಅಜ್ಜಿ ತೆಗೆದರು. ದೇವರ ಮನೆಯಲ್ಲಿ ದೀಪ, ದೀಪದ ಪಕ್ಕ ಗೋಡೆಗೆ ಒರಗಿಸಿದ ಮೊಬೈಲು. ಅವತ್ತು ನನ್ನ ಅಂಗಡಿ ಬಾಗಿಲಲ್ಲಿ ನಿಂತಾಗ ಆ ಸದ್ದನ್ನು ರೆಕಾರ್ಡ್ ಮಾಡಿಕೊಂಡಿದ್ದರು. ಅಕ್ಷರ ಬಾರದ ಅಜ್ಜಿ ಗೊಟ್ಟಿಗೆರೆಯ ಮಗಳಿಗೆ ದಿನಾ ಮಾತು ರೆಕಾರ್ಡ್ ಮಾಡಿ ಕಳಿಸುವವರು, ಅದೊಂದು ಚೆನ್ನಾಗಿ ಬರುತ್ತಿತ್ತು. ಮೊಬೈಲ್ ಹಿಡಿದರೆ ಮಗ ರೇಗುತ್ತಾನೆ ಅಂತ ಅವನು ವಾಕಿಂಗ್ ಹೋದ ಮೇಲೆ ಹಾಕುತ್ತಿದ್ದರು.

"ಯಾಕಜ್ಜಿ ಇದನ್ನ ಹಾಕ್ತೀರಾ?" ಅಂತ ಕೇಳಿದೆ.

"ಯಾಕೆ ಅಂದ್ರೆ? ಇದು ನಮ್ಮ ಹೊಲದ ಬೆಳಗಿನ ಸದ್ದು ಕಣವ್ವ. ಕೋಣನಕುಂಟೇಲಿ ನಾನು ಮದುವೆಯಾಗಿ ಬಂದಾಗ ಹಿಂಗೇ ಇತ್ತು. ಎಲ್ಲೋ ಹೋಯ್ತು ಅಂದ್ಕೊಂಡಿದ್ದೆ. ನಿನ್ನ ಅಂಗಡೀಲಿತ್ತು."

ಮೇಡಂ ಹೊಸ್ತಿಲ ಮೇಲೇ ಕೂತುಬಿಟ್ಟರು. ಆ ಮೂರನೆಯ ಸದ್ದಿನ ಅಲೆಗಳು ಭೂಮಿಯ ಬೆಳಗಾಗುವ ಬದಿಯಲ್ಲೇ ಹೆಚ್ಚು ಸಿಗುತ್ತವಂತೆ. ವಿಜ್ಞಾನಿಗಳೂ ಅದಕ್ಕೆ ಬೆಳಗಿನ ಮೇಳ ಅಂತಲೇ ಹೆಸರಿಟ್ಟಿದ್ದಾರಂತೆ. ನಾಲ್ಕು ನೌಕೆ ಕಳಿಸಿ ಹಿಡಿದು ತಂದ ಕಥೆಯನ್ನು ಅಜ್ಜಿಗೆ ಹೇಳಿದರು.

ಅಜ್ಜಿ ಗಮನ ಕೊಟ್ಟು ಕೇಳಿ, "ಅಷ್ಟು ದೂರ ಯಾಕೆ ಹೋದ್ರಿ? ನಮ್ಮನ್ನ ಕೇಳಿದ್ರೆ ಹೇಳ್ತಿದ್ವಿ" ಅಂದರು. ಆಮೇಲೆ, ತಪ್ಪು ಹುಡುಕಿದಂತಾಗಬಾರದು ಅಂತ ಮೆಲ್ಲಗೆ: "ಎಲ್ಲಾ ಸರಿಯಾಗಿದೆ. ಆದ್ರೆ ಕೊನೇಲಿ ಹುಂಜ ಒಂದು ಬಿಟ್ಟೋಗಿದೆ. ಮುಂದಿನ ಸಲ ಹೋದಾಗ ಅದನ್ನೂ ತನ್ನಿ."

ವಾಕಿಂಗ್ ಮುಗಿಸಿ ಬಂದ ಓನರ್ ತಲೆ ತಗ್ಗಿಸಿ ನಿಂತರು. ಅಷ್ಟರಲ್ಲಿ ದೆವ್ವದ ಸುದ್ದಿ ಕೇಳಿ ಔಷಧಿ ಅಂಗಡಿಯವರು ಬೇರೆ ಜಾಗ ಹಿಡಿದಿದ್ದರು. ಅಜ್ಜಿ ಮಗನಿಗೆ ಒಂದೇ ಮಾತು ಹೇಳಿದರು: "ಸದ್ದು ಅವಳದು. ಅಂಗಡೀನೂ ಅವಳಿಗೇ ಬರ್ಕೊಡು."

ಐದೂವರೆ

ರಿಜಿಸ್ಟ್ರೇಷನ್ ಆದ ಮರುದಿನ. ಅಜ್ಜಿ, ಓನರ್ ಎಲ್ಲ ಗೊಟ್ಟಿಗೆರೆಯ ಮಗಳ ಮನೆಗೆ ಹೋಗಿದ್ದರು, ಮೊಬೈಲೂ ಅಜ್ಜಿಯ ಸೊಂಟದಲ್ಲೇ. ಮೇಲೆ ಬೀಗ. ನಾನು ಐದೂವರೆಗೆ ಬಂದು, ಮೊದಲ ಸಲ ನನ್ನದಾದ ಶಟರನ್ನು ಎತ್ತಿದೆ.

ಸದ್ದು ಶುರುವಾಯಿತು.

ಕೈ ಶಟರಿನ ಮೇಲೇ ಇತ್ತು. ಪೂರ್ತಿ ಕೇಳಿದೆ, ಮೊದಲಿನಿಂದ ಕೊನೆಯವರೆಗೆ, ನಿಯಮದಂತೆ. ನಿಂತಿತು. ನಿಂತ ಮೇಲೆ, ಬಹಳ ದೂರದಲ್ಲಿ, ಒಂದು ಹುಂಜ ಕೂಗಿತು.

ಹಿಂದಿನ ರಸ್ತೆಯಲ್ಲಿ ಕೋಳಿ ಅಂಗಡಿ ಇದೆ ಅಂತ ಸಮಾಧಾನ ಮಾಡಿಕೊಂಡೆ. ಆಮೇಲೆ ನೆನಪಾಯಿತು, ಅದನ್ನು ಮುಚ್ಚಿ ಬ್ಯೂಟಿ ಪಾರ್ಲರ್ ಮಾಡಿ ವರ್ಷವಾಯಿತು. ಗೊಟ್ಟಿಗೆರೆಗೆ ಫೋನ್ ಮಾಡಿದೆ. ಒಂದೇ ರಿಂಗಿಗೆ ಅಜ್ಜಿ ಎತ್ತಿದರು. ನಾನು ಬಾಯಿ ತೆರೆಯುವ ಮೊದಲೇ ಕೇಳಿದರು: "ಹುಂಜ ಬಂತಾ?"

ಮೇಡಂಗೆ ಹೇಳಿದೆ. ಅವರು "ಎರಡು ಕಡೆ ಕೇಳಿದ್ದು ಸಾಲಲ್ಲ ಆಂಟಿ, ನಾಲ್ಕು ಬೇಕು" ಅಂದರು. ಹೂವಿನವಳನ್ನು ಕರೆದೆ. ಅವಳು ಹೂವಿನ ಬುಟ್ಟಿಯನ್ನು ಎದುರು ರಸ್ತೆಗೆ ಸಾಗಿಸಿಕೊಂಡಳು.

ಇರಲಿ. ಈಗ ಬನಶಂಕರಿಯಲ್ಲಿ ಒಂದು ಅಂಗಡಿ ನನ್ನ ಹೆಸರಿನಲ್ಲಿದೆ. ಎರಡು ಝೆರಾಕ್ಸ್ ಮೆಷಿನ್, ಒಂದು ಕಟಿಂಗ್ ಮೆಷಿನ್, ಒಂದು ಡಿಕ್ಷನರಿ, ಅದರ ರಟ್ಟು ನಾನೇ ಮೂರು ಸಲ ಕಟ್ಟಿದ್ದು. ಇದಕ್ಕೆ ಕೊಟ್ಟಿದ್ದು: ಅಮ್ಮನ ಎರಡು ಬಳೆ, ಕಟಿಂಗ್ ಮೆಷಿನ್ನಿಗೆ ಎಡಗೈ ಹೆಬ್ಬೆರಳಿನ ತುದಿ, ಯಾರದೋ ಥೀಸಿಸ್ ಅರ್ಜೆಂಟ್ ಅಂತ ನೋಡದೇ ಹೋದ ತಂಗಿಯ ಧಾರೆ. ಇನ್ನೊಂದು ಕೊಟ್ಟೆ. ಇಷ್ಟು ವರ್ಷ ಐದೂವರೆಗೆ ಶಟರ್ ಎತ್ತುತ್ತಿದ್ದವಳು, ಈಗ ಆರೂವರೆಗೆ ಎತ್ತುತ್ತೇನೆ.