ಬೋಣಿಗೆ ಕೊಂಡ ಕಾಂಬೋ

ರಿಯಾಯಿತಿ ಕಾಂಬೋಗಳನ್ನು ಜೋಡಿಸುವ ಮಾನ್ಯ ಅಧಿಕಾರಿಗಳಿಗೆ,
ತ್ರಿಬಂಧ ಕಂಪ್ಯೂಟರ್ಸ್, ಪ್ರಧಾನ ಕಚೇರಿ.

ಮಾನ್ಯರೇ,

ತಾವೂ ತಮ್ಮ ಕುಟುಂಬವೂ ತಮ್ಮ ಗೋದಾಮಿನಲ್ಲಿ ಇನ್ನೂ ಖರ್ಚಾಗದೆ ಉಳಿದಿರುವ ಮದರ್‌ಬೋರ್ಡುಗಳೂ ಕ್ಷೇಮವೆಂದು ನಂಬಿ, ಮಂಗಳೂರಿನ ಕಾವೂರಿನಿಂದ ಕಮಲೇಶ್ ಕರ್ಕೇರ ಸಲ್ಲಿಸುವ ವಿನಮ್ರ ವಂದನೆಗಳು. ನಾನು ಬಂದರಿನ ಹತ್ತಿರದ ಒಂದು ಐಸ್ ಪ್ಲಾಂಟ್‌ನಲ್ಲಿ ಸೂಪರ್‌ವೈಸರ್. ಮಂಜುಗಡ್ಡೆಯ ವಿಷಯದಲ್ಲಿ ನನಗೆ ಇದುವರೆಗೆ ಯಾರೂ ಟೊಪ್ಪಿ ಹಾಕಿಲ್ಲ. ಕಂಪ್ಯೂಟರಿನ ವಿಷಯದಲ್ಲಿ ಆ ಭಾಗ್ಯ ತಮ್ಮ ಪಾಲಿಗೆ ಬಂತು.

ತಮ್ಮ ಅಮೂಲ್ಯ ಸಮಯವನ್ನು ಹಾಳು ಮಾಡುತ್ತಿರುವುದಕ್ಕೆ ಕ್ಷಮೆ ಕೋರುತ್ತಾ, ನಮಗೆ ಕಾಂಬೋ ಏಕೆ ಬೇಕಾಯಿತೆಂಬುದನ್ನು ಮೊದಲು ಅರಿಕೆ ಮಾಡಿಕೊಳ್ಳುತ್ತೇನೆ. ಆರು ವರ್ಷಗಳ ಹಿಂದೆ ನನ್ನ ತಂದೆ ಸೇಸಪ್ಪನವರು ಹಾಸಿಗೆ ಹಿಡಿದಾಗ, ನನಗೆ ಐಸ್ ಪ್ಲಾಂಟ್ ಬಿಡಲಾಗದೆ, ನನ್ನ ಅಮ್ಮ ಸುಂದರಿಯವರಿಗೆ ಮೀನಿನ ವ್ಯಾಪಾರ ಬಿಡಲಾಗದೆ, ಕೊನೆಗೆ ಸೊಸೈಟಿಯ ಕೆಲಸ ಬಿಟ್ಟವಳು ನನ್ನ ಹೆಂಡತಿ ಸುಪ್ರೀತಾ. ಬಿಡು ಎಂದು ನಾವು ಹೇಳಲಿಲ್ಲ, ಬಿಡಬೇಡ ಎಂದೂ ಹೇಳಲಿಲ್ಲ. ಅದನ್ನು ನೆನೆದರೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ. ಕಳೆದ ವರ್ಷ ಅಪ್ಪ ತೀರಿಕೊಂಡ ಮೇಲೆ ಅವಳು ಮನೆಯಿಂದಲೇ ಮಾಡುವ ಕೆಲಸಕ್ಕಾಗಿ ಒಂದು ಏಜೆನ್ಸಿಯ ಆನ್‌ಲೈನ್ ಪರೀಕ್ಷೆಗೆ ಕಟ್ಟಿದಳು. ಪಾಸಾದವರನ್ನು ಯಾವ ಕಂಪನಿಗೆ ಕಳಿಸುತ್ತಾರೆಂದು ಏಜೆನ್ಸಿ ಮೊದಲೇ ಹೇಳುವುದಿಲ್ಲ. ಪರೀಕ್ಷೆಯನ್ನು ಮನೆಯಲ್ಲೇ, ಸ್ವಂತ ಕಂಪ್ಯೂಟರಿನಲ್ಲೇ, ಕ್ಯಾಮೆರಾದ ಮುಂದೆ ಒಬ್ಬಳೇ ಕುಳಿತು ಬರೆಯಬೇಕು, ಅದೂ ಮೂರೇ ಅವಕಾಶ. ಎರಡು ಸಲ ನಮ್ಮ ಹನ್ನೊಂದು ವರ್ಷದ ಕಂಪ್ಯೂಟರ್ ಅರ್ಧದಲ್ಲಿ ಉಸಿರು ನಿಲ್ಲಿಸಿತು. ಮೂರನೆಯ ಪರೀಕ್ಷೆ ಒಂದು ಶನಿವಾರ ಬೆಳಿಗ್ಗೆ ಹತ್ತಕ್ಕೆ ಎಂದು ಗೊತ್ತಾಯಿತು.

ಆಗ ನಾನು ತಮ್ಮ ಜಾಲತಾಣಕ್ಕೆ ಶರಣಾದೆ. ಪ್ರೊಸೆಸರ್, ಮದರ್‌ಬೋರ್ಡ್, ಮೆಮೊರಿ ಮೂರನ್ನೂ ಸೇರಿಸಿ ಕಟ್ಟಿದ ಮೂರು ಕಾಂಬೋಗಳು ಅಲ್ಲಿದ್ದವು. ಒಂದರಲ್ಲಿ ಪ್ರೊಸೆಸರ್ ಭರ್ಜರಿ, ಮೆಮೊರಿ ಚಿಟಿಕೆಯಷ್ಟು. ಇನ್ನೊಂದರಲ್ಲಿ ಮೆಮೊರಿ ಧಾರಾಳ, ಮದರ್‌ಬೋರ್ಡ್ ಮಾತ್ರ ನಮ್ಮ ಮನೆಯದರ ವಾರಿಗೆಯದು. ಮೂರನೆಯದರಲ್ಲಿ ಎಲ್ಲವೂ ನಡುವಿನದು, ರಿಯಾಯಿತಿ ಶೇಕಡಾ ನಲವತ್ತೊಂದು, ಮೇಲಿಂದ ತಮ್ಮ ಕಂಪನಿಯ ಹೆಸರಿರುವ ಒಂದು ಟೀ-ಶರ್ಟ್ ಉಚಿತ. ಅದರ ಕೆಳಗೆ, ಈ ಕೊಡುಗೆ ಇನ್ನು ಎರಡು ಗಂಟೆ ಹದಿನಾಲ್ಕು ನಿಮಿಷ ಮಾತ್ರ ಎಂದು ಕೆಂಪು ಗಡಿಯಾರವೊಂದು ಓಡುತ್ತಿತ್ತು. ಒಂಬತ್ತು ದಿನ ನಾನು ಅದನ್ನು ನೋಡಿದೆ. ಒಂಬತ್ತು ದಿನವೂ ಅದೇ ಎರಡು ಗಂಟೆ ಹದಿನಾಲ್ಕು ನಿಮಿಷ ಉಳಿದಿತ್ತು, ಒಂಬತ್ತು ದಿನವೂ ನನ್ನ ಎದೆ ಡವಡವ ಎಂದಿತು. ಮೂವತ್ತನಾಲ್ಕು ವರ್ಷ ಮೀನಿನ ರಾಶಿ ಹಾಕಿ ಮಾರಿದ ಅಮ್ಮ ಫೋನಿನಲ್ಲಿ ತಮ್ಮ ಕಾಂಬೋದ ಚಿತ್ರ ನೋಡಿ, "ಮೇಲೆ ಎರಡು ಒಳ್ಳೆ ಬಂಗುಡೆ ಇಟ್ಟಿದ್ದಾನೆ, ಅಡಿಯಲ್ಲಿ ಎಂತ ಉಂಟು ನೋಡಿದ್ಯಾ?" ಎಂದು ಕೇಳಿದರು. ನಾನು ನೋಡಿರಲಿಲ್ಲ.

ಅಮ್ಮ ತಾವೇ ಹೊರಟರು. ಪರೀಕ್ಷೆಗೆ ಎರಡು ದಿನ ಮುಂಚೆ, ಗುರುವಾರ ಬೆಳಿಗ್ಗೆ, ಬಿಜೈಯಲ್ಲಿರುವ ತಮ್ಮ ಡೀಲರ್ ಮೋಹನದಾಸರು ಶಟರ್ ಎತ್ತುವ ಮೊದಲೇ ನಾವು ಮೆಟ್ಟಿಲ ಮೇಲಿದ್ದೆವು. ದಿನದ ಮೊದಲ ವ್ಯಾಪಾರ, ಅಂದರೆ ಬೋಣಿ, ನಮ್ಮದಾಗಬೇಕೆಂಬುದು ಅಮ್ಮನ ಲೆಕ್ಕಾಚಾರ. ಬೋಣಿಯ ಗಿರಾಕಿಯನ್ನು ವ್ಯಾಪಾರಿ ಬರಿಗೈಯಲ್ಲಿ ಕಳಿಸುವುದಿಲ್ಲ. ಬೋಣಿಯ ಗಿರಾಕಿಯೂ ಕೊಂಡ ಮಾಲನ್ನು ಹಿಂದೆ ತರುವುದಿಲ್ಲ. ಈ ಎರಡನೆಯ ಭಾಗ ನನಗೆ ಆ ಹೊತ್ತಿನಲ್ಲಿ ನೆನಪಿಗೆ ಬರಲಿಲ್ಲ. ಮೀನಿನಂತೆ ಕಿವಿರು ಎತ್ತಿ ನೋಡಲು ಆಗದ ಮಾಲಾದ್ದರಿಂದ ಅಮ್ಮ ಪೆಟ್ಟಿಗೆಗಳನ್ನು ಒಂದೊಂದಾಗಿ ಒತ್ತಿ ನೋಡಿ, ಇದರಲ್ಲಿ ನಿನ್ನೆಯ ಮಾಲು ಯಾವುದೆಂದು ನೇರವಾಗಿ ಕೇಳಿದರು. ಮೋಹನದಾಸರು, "ಬೋರ್ಡ್ ಸ್ವಲ್ಪ ಹಳೇ ಸ್ಟಾಕ್ ಅಮ್ಮ, ಆದ್ರೆ ಕೆಟ್ಟದ್ದಲ್ಲ" ಎಂದು ಒಪ್ಪಿಕೊಂಡರು. ಆ ಪ್ರಾಮಾಣಿಕತೆಗೆ ಮೆಚ್ಚಿ ಅಮ್ಮ ಮೂರನೆಯ ಕಾಂಬೋದ ವ್ಯಾಪಾರ ಕುದುರಿಸಿ, ಮಾನಿಟರಿನ ಒಂದು ಕೇಬಲ್ಲನ್ನು ಕೊಸರಾಗಿ ಹಾಕಿಸಿಕೊಂಡರು.

ಸಂಜೆ ಹಳೆಯದನ್ನು ಬಿಚ್ಚಿ ತಮ್ಮದನ್ನು ಕೂರಿಸಿದೆ. ಫ್ಯಾನ್ ತಿರುಗಿತು, ದೀಪ ಹತ್ತಿತು, ಕೊಸರಿನ ಕೇಬಲ್ ಭದ್ರವಾಗಿ ಕುಳಿತಿತು, ಪರದೆ ಮಾತ್ರ ಕಪ್ಪಗೇ ಉಳಿಯಿತು. ಫೋನ್ ಮಾಡಿದಾಗ ಮೋಹನದಾಸರು ಹಣೆ ಚಚ್ಚಿಕೊಂಡದ್ದು ಇಲ್ಲಿಗೇ ಕೇಳಿಸಿತು. ಈ ಪ್ರೊಸೆಸರಿಗೆ ಚಿತ್ರ ತೋರಿಸುವ ಶಕ್ತಿಯೇ ಇಲ್ಲವಂತೆ, ಅದಕ್ಕೆ ಬೇರೆ ಡಿಸ್‌ಪ್ಲೇ ಕಾರ್ಡ್ ಬೇಕಂತೆ. ಗೇಮ್ ಆಡುವವರೇ ಇದನ್ನು ಒಯ್ಯುವುದರಿಂದ ನಮ್ಮ ಮನೆಯಲ್ಲೂ ಇರಬಹುದೆಂದು ಅವರು ತಿಳಿದಿದ್ದರಂತೆ. ಮಾನ್ಯರೇ, ತಮ್ಮ ಜಾಣ್ಮೆಯನ್ನು ಹೊಗಳಲು ನನಗೆ ಮಾತು ಸಾಲದು. ಬೇಗ ಯೋಚಿಸುವ, ಸಾಕಷ್ಟು ನೆನಪಿಟ್ಟುಕೊಳ್ಳುವ, ಆದರೆ ಯಾರಿಗೂ ಏನೂ ತೋರಿಸದ ಕಂಪ್ಯೂಟರನ್ನು ಶೇಕಡಾ ನಲವತ್ತೊಂದು ರಿಯಾಯಿತಿಯಲ್ಲಿ ಕೊಡುವ ಧೈರ್ಯ ಇನ್ನಾರಿಗಿದ್ದೀತು? ತಮ್ಮ ಪುಟಕ್ಕೆ ಹಿಂತಿರುಗಿ ಹುಡುಕಿದಾಗ ಈ ಸಂಗತಿಯೂ ಸಿಕ್ಕಿತು, ಟೀ-ಶರ್ಟಿನ ಅಳತೆಗಳ ಕೆಳಗೆ, ಸಾಸಿವೆಗಿಂತ ಸಣ್ಣ ಅಕ್ಷರದಲ್ಲಿ.

ಅವರ ಅಂಗಡಿಯಲ್ಲಿ ಕಾರ್ಡುಗಳ ಸ್ಟಾಕ್ ಮುಗಿದಿತ್ತು, ಹೊಸದು ಬರುವುದು ಮಂಗಳವಾರ. ಏಳು ದಿನದೊಳಗೆ ವಾಪಸ್ ಎಂದು ತಮ್ಮ ರಶೀದಿಯಲ್ಲೇ ಬರೆದಿತ್ತಾದ್ದರಿಂದ, ಎಲ್ಲವನ್ನೂ ಹಿಂದಿರುಗಿಸಿ ಬೇರೆ ಕಾಂಬೋ ತರುತ್ತೇನೆಂದು ಪೆಟ್ಟಿಗೆ ಕಟ್ಟತೊಡಗಿದೆ. ಅಮ್ಮ ಪೆಟ್ಟಿಗೆಯ ಮೇಲೆ ಕೈಯಿಟ್ಟರು. "ಬೋಣಿಯ ಮಾಲು ವಾಪಸ್ ಕೊಡ್ಲಿಕ್ಕೆ ಉಂಟಾ ಮಾರಾಯ? ನನ್ನ ಬುಟ್ಟಿಗೆ ಯಾರಾದ್ರೂ ಹಾಗೆ ಮಾಡಿದ್ರೆ ನಾನು ಸುಮ್ಮನೆ ಬಿಡ್ತೇನಾ?" ಎಂದರು. ಹಾಗಾದರೆ ನಾಡಿದ್ದಿನ ಪರೀಕ್ಷೆಯ ಗತಿಯೇನೆಂದು ನಾನು ದನಿ ಎತ್ತಿದೆ. ಸುಪ್ರೀತಾ, "ಇರ್ಲಿ ಬಿಡಿ" ಎಂದು ಹೇಳಿ ಒಳಗೆ ಹೋದಳು. ಆರು ವರ್ಷಗಳ ಹಿಂದೆಯೂ ಅವಳು ಅಷ್ಟೇ ಹೇಳಿದ್ದು. ಅಮ್ಮನಿಗೂ ಅದು ನೆನಪಾಗಿರಬೇಕು, ಆ ರಾತ್ರಿ ಅವರು ಊಟ ಮಾಡಲಿಲ್ಲ.

ಶುಕ್ರವಾರ ಬೆಳಿಗ್ಗೆ ಅಮ್ಮ ಒಂದು ಅಂಜಲ್ ಮೀನನ್ನು ಚೀಲದಲ್ಲಿ ಹಾಕಿಕೊಂಡು ಬಿಜೈಗೆ ಹೋದರು. ವಾಪಸ್ ಕೊಡುವ ಮಾತೇ ಎತ್ತದೆ, ಸೊಸೆ ಕೆಲಸ ಬಿಟ್ಟದ್ದು ಹಾಸಿಗೆ ಹಿಡಿದ ಮಾವನ ಚಾಕರಿಗೆ ಎಂಬಷ್ಟನ್ನು ಮಾತ್ರ ಹೇಳಿ, ಅಂಗಡಿಯ ಸ್ಟೂಲಿನ ಮೇಲೆ ಕುಳಿತರಂತೆ. ಮೋಹನದಾಸರು ಅಂಗಡಿಯ ಬಿಲ್ಲಿಂಗ್ ಕಂಪ್ಯೂಟರನ್ನೇ ಬಿಚ್ಚಿ, ಅದರೊಳಗಿನ ಕಾರ್ಡನ್ನು ತೆಗೆದು ಕೊಟ್ಟರು. "ಬೋಣಿ ಮಾಡಿದವರನ್ನು ಬರಿಗೈಯಲ್ಲಿ ಕಳಿಸ್ಲಿಕ್ಕೆ ಆಗ್ತದಾ ಅಮ್ಮ? ಮಂಗಳವಾರ ತನ್ನಿ ಸಾಕು" ಎಂದರಂತೆ. ಅಲ್ಲಿಯವರೆಗೆ ತಮ್ಮ ಬಿಜೈ ಡೀಲರರ ಬಿಲ್ಲುಗಳೆಲ್ಲ ಕೈಬರಹದಲ್ಲಿರುವುದನ್ನು ತಾವು ಗಮನಿಸಿದ್ದರೆ, ಕಾರಣ ಇದೇ.

ಸುಪ್ರೀತಾ ಪಾಸಾದಳು. ಫಲಿತಾಂಶ ನೋಡಿ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಒರೆಸಿಕೊಳ್ಳಲು ತಮ್ಮ ಟೀ-ಶರ್ಟನ್ನು ಬಳಸಿದೆ.

ಮಂಗಳವಾರ ಹೊಸ ಕಾರ್ಡ್ ಕೊಂಡು, ಮೋಹನದಾಸರ ಕಾರ್ಡನ್ನು ಹಿಂದಿರುಗಿಸಿ, ಹೊಸದರ ಬೆಲೆಯನ್ನು ತಾವು ಭರಿಸಬೇಕೆಂದು ತಮ್ಮ ಗ್ರಾಹಕ ಸೇವಾ ವಿಭಾಗಕ್ಕೆ ದೂರು ಕಳಿಸಿದೆ. ಉತ್ತರ ಬರಲು ಹಿಡಿದದ್ದು ಮೂರು ವಾರ. ವಾಪಸ್ ಅವಧಿ ಮೀರಿದೆ, ಪ್ರೊಸೆಸರಿನ ಮಿತಿ ಪುಟದಲ್ಲೇ ನಮೂದಾಗಿದೆ, ತಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ ಎಂಬುದು ಅದರ ಸಾರ. ಒಂದು ತಪ್ಪಿಲ್ಲ, ಒಂದು ಬಿರುನುಡಿಯಿಲ್ಲ, ಒಂದು ಪೈಸೆಯೂ ಇಲ್ಲ. ಆದುದರಿಂದ ತಮ್ಮಲ್ಲಿ ಬೇಡಿಕೊಳ್ಳುವುದೇನೆಂದರೆ, ಮುಂದಿನ ಕಾಂಬೋದಲ್ಲಿ ಟೀ-ಶರ್ಟಿನ ಬದಲು ನನ್ನ ಅಮ್ಮನಂಥ ಒಬ್ಬರನ್ನು ಉಚಿತವಾಗಿ ಸೇರಿಸಿ ಕಳಿಸಬೇಕು. ಅದು ಸಾಧ್ಯವಾಗದಿದ್ದರೆ ತಾವೇ ಒಂದು ದಿನ ಬಂದರಿಗೆ ಬಂದು, ಕಣ್ಣಿಲ್ಲದ ಬಂಗುಡೆಯನ್ನು ಶೇಕಡಾ ನಲವತ್ತೊಂದರ ರಿಯಾಯಿತಿಯಲ್ಲಿ ಅಮ್ಮನ ಪಕ್ಕದಲ್ಲಿ ಕುಳಿತು ಮಾರಿ ತೋರಿಸಬೇಕು. ತಮ್ಮ ಕೆಂಪು ಗಡಿಯಾರವನ್ನು ದಯವಿಟ್ಟು ನಮ್ಮ ಐಸ್ ಪ್ಲಾಂಟ್‌ಗೂ ಕಳಿಸಿಕೊಡಿ, ಅದನ್ನು ನೋಡುತ್ತಿದ್ದರೆ ಐಸ್ ಕರಗುವುದೇ ಇಲ್ಲವೆಂದು ತೋರುತ್ತದೆ.

ಪರದೆ ಕಪ್ಪಾದಾಗಲೂ ಭರವಸೆ ಬಿಡದ,
ತಮ್ಮ ವಿಶ್ವಾಸಿ,
ಕಮಲೇಶ್ ಕರ್ಕೇರ
ಕಾವೂರು, ಮಂಗಳೂರು

ಮರೆತ ಮಾತು: ಏಜೆನ್ಸಿಯವರು ಸುಪ್ರೀತಾಳನ್ನು ಕಳಿಸಿದ್ದು ತಮ್ಮ ಕಂಪನಿಗೇ, ಅದರಲ್ಲೂ ಗ್ರಾಹಕ ಸೇವಾ ವಿಭಾಗಕ್ಕೆ. ಮೇಲೆ ಹೇಳಿದ ಉತ್ತರ ಬರೆದವಳು ಅವಳೇ, ನಮ್ಮ ಒಳಕೋಣೆಯಲ್ಲಿ ಕುಳಿತು, ತಮ್ಮ ಟೀ-ಶರ್ಟ್ ತೊಟ್ಟು, ತಮ್ಮದೇ ಕಾಂಬೋದಲ್ಲಿ ಟೈಪ್ ಮಾಡಿ. ಆರು ವರ್ಷಗಳ ನಂತರ ಅವಳ ಕೈಗೆ ಬಂದ ಮೊದಲ ಕಡತ ನನ್ನ ದೂರಂತೆ. ಮೇಲಿನವರಿಗೆ ಬರೆದು ಆ ಉತ್ತರವನ್ನು ರದ್ದು ಮಾಡಿಸುತ್ತೇನೆಂದು ನಾನು ಈ ಪತ್ರ ಬರೆದು ಮುಗಿಸುವಷ್ಟರಲ್ಲಿ ಅಮ್ಮ ಬಂದು, "ಅದು ಅವಳ ಬೋಣಿ" ಎಂದರು. ಆದುದರಿಂದ ಮಾನ್ಯರೇ, ಮೇಲೆ ಬರೆದಿರುವುದೆಲ್ಲ ಅಕ್ಷರಶಃ ಸತ್ಯವಾಗಿದ್ದರೂ, ಈ ದೂರನ್ನು ಯಾವ ಕಾರಣಕ್ಕೂ ಪುರಸ್ಕರಿಸಬಾರದಾಗಿ ಪ್ರಾರ್ಥನೆ.