ತೊಂಬತ್ತೆರಡು ಸೆಂಟ್ ಮಳೆ

ಓದದವರ ಸಿಟ್ಟಿಗೂ ಓದಿದವರ ಸಿಟ್ಟಿಗೂ ಒಂದು ವ್ಯತ್ಯಾಸವಿದೆ. ಓದದವರು ನಾಲ್ಕು ಮಾತು ಬೈದು, ಎಲೆಯಡಿಕೆ ಹಾಕಿಕೊಂಡು ಮರೆತುಬಿಡುತ್ತಾರೆ. ಓದಿದವನು ಬಿಳಿ ಹಾಳೆ ತೆಗೆದು, ಎಡಗಡೆ ಅಂಚು ಬಿಟ್ಟು, ‘ವಿಷಯ’ ಎಂದೂ ‘ಉಲ್ಲೇಖ’ ಎಂದೂ ಬರೆದು, ತನ್ನ ಸಿಟ್ಟಿಗೊಂದು ಕಡತವನ್ನೇ ತೆರೆಯುತ್ತಾನೆ. ನಮ್ಮ ವಂಶಕ್ಕೆ ಈ ಎರಡನೆಯ ಬಗೆಯ ಸಿಟ್ಟನ್ನು ತಂದವನು ನಾನು. ಕೊಡಗಿನ ಅಮ್ಮತ್ತಿ ಕಡೆಯ ಒಂದು ಎಸ್ಟೇಟಿನ ಕೂಲಿಯವರ ಲೈನ್‌ಮನೆಯಲ್ಲಿ ಹುಟ್ಟಿ, ಅಮ್ಮ ಕಾಫಿ ಪಿಕಿಂಗ್‌ಗೆ ಒಯ್ಯುತ್ತಿದ್ದ ಚೀಲದ ಮೇಲೆ ಕುಳಿತು ಮಗ್ಗಿ ಕಲಿತು, ಗಣಿತದಲ್ಲಿ ಬಿ.ಎಸ್ಸಿ. ಮುಗಿಸಿದವನು. ಗಣಿತ ಎಂಬುದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಮುಂದೆ ನನ್ನ ಮಾನ ಹೋಗುವುದು ಅದರಿಂದಲೇ. ಈಗ ಮಡಿಕೇರಿಯ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದೇನೆ. ಯಾವ ಕಚೇರಿ ಎಂದು ಹೇಳಲಾರೆ. ಉಳಿದಿರುವ ಮರ್ಯಾದೆ ಅಷ್ಟೇ.

ಈ ವರ್ಷ ಮಳೆಗಾಲಕ್ಕೆ ಮುಂಚೆ ನಮ್ಮ ಕಚೇರಿಯ ಅಂಗಳಕ್ಕೆ ಒಂದು ಫೈವ್ ಜಿ ಕಂಬ ಬಂತು. ಕಂಬದ ಜೊತೆ ಒಬ್ಬ ಇಂಜಿನಿಯರೂ ಬಂದು, ಪರದೆಯ ಮೇಲೆ ಚಿತ್ರ ತೋರಿಸಿ, ‘ಹವಾಮಾನ ಬದಲಾವಣೆಗೆ ನಗರಗಳು ಇನ್ನು ಹೆದರಬೇಕಾಗಿಲ್ಲ’ ಎಂದರು. ಚಿತ್ರದಲ್ಲಿದ್ದ ನಗರಗಳಲ್ಲಿ ಇಪ್ಪತ್ತು ಮಾಳಿಗೆಯ ಕಟ್ಟಡಗಳಿದ್ದವು, ರಸ್ತೆಯಲ್ಲಿ ಒಂದು ದನವೂ ಇರಲಿಲ್ಲ. ನನಗೆ ಆಗಲೇ ಸಿಟ್ಟು ಬಂತು. ಕಂಬವು ಮಳೆಯನ್ನೂ ಮಣ್ಣಿನ ತೇವವನ್ನೂ ಅಳೆದು ಕಣ್ಣು ಮಿಟುಕಿಸುವಷ್ಟರಲ್ಲಿ ಬೆಂಗಳೂರಿಗೆ ಕಳಿಸುತ್ತದಂತೆ. ಅಲ್ಲಿಯ ಕಂಪ್ಯೂಟರು ಯೋಚನೆ ಮಾಡಿ, ‘ಬರೆಯ ಕೆಳಗಿನ ಮನೆಗಳಿಗೆ ಎಚ್ಚರಿಕೆ ಕಳಿಸಲೇ? ಹೌದು / ಬೇಡ’ ಎಂದು ಇಲ್ಲಿಯ ಒಬ್ಬ ಜವಾಬ್ದಾರಿ ಮನುಷ್ಯನನ್ನು ಕೇಳುತ್ತದಂತೆ. ಬರೆ ಎಂದರೆ, ಗುಡ್ಡ ಕಡಿದು ಮನೆ ಕಟ್ಟಿದಾಗ ಬೆನ್ನ ಹಿಂದೆ ನಿಲ್ಲುವ ಮಣ್ಣಿನ ಗೋಡೆ; ಮಳೆ ಜಾಸ್ತಿಯಾದರೆ ಅದು ಮನೆಯೊಳಗೇ ಬರುತ್ತದೆ. ಗಣಿತ ಓದಿದವನೆಂದು ಆ ಜವಾಬ್ದಾರಿ ಮನುಷ್ಯ ನಾನೇ ಆದೆ.

ಆದರೆ ಸಿಗ್ನಲ್ ನಮ್ಮ ಕಚೇರಿಯ ಗೇಟಿನಲ್ಲೇ ನಿಂತುಬಿಡುತ್ತದೆ. ಕೆಳಗಿನ ತಗ್ಗಿನಲ್ಲಿ, ನನ್ನ ಮನೆಯೂ ಸೇರಿದಂತೆ, ಯಾರ ಫೋನೂ ಮಾತಾಡುವುದಿಲ್ಲ. ಬರೆ ಇರುವುದೂ ಅಲ್ಲೇ. ಇದನ್ನು ಸಭೆಯಲ್ಲಿ ಎದ್ದು ಕೇಳಿದೆ. ‘ಅದು ಎರಡನೇ ಹಂತದಲ್ಲಿ ಬರುತ್ತೆ ಸರ್’ ಎಂದರು. ‘ಬರೆಗೂ ಎರಡನೇ ಹಂತದವರೆಗೆ ಕಾಯಲಿಕ್ಕೆ ಹೇಳಿದ್ದೀರಾ?’ ಎಂದೆ. ಇಂಜಿನಿಯರ್ ನೀರು ಕುಡಿದರು. ಕೊನೆಗೆ ಆದ ಏರ್ಪಾಡು ಹೀಗೆ: ಕಂಬದಿಂದ ಬೆಂಗಳೂರಿಗೆ, ಬೆಂಗಳೂರಿನಿಂದ ನನಗೆ ಮಿಂಚಿನಂತೆ ಬಂದ ಸುದ್ದಿಯನ್ನು ನಮ್ಮ ಕಚೇರಿಯ ಕಸ ಗುಡಿಸುವ ಲೀಲಕ್ಕನಿಗೆ ನಾನು ಬಾಯಲ್ಲಿ ಹೇಳಬೇಕು. ಬರೆಗೆ ಅಂಟಿಕೊಂಡ ಮೊದಲ ಮನೆ ಲೀಲಕ್ಕನದು. ಅದರಲ್ಲಿ ಅವಳು, ಕಿವಿ ಕೇಳದ ಅವಳ ಅತ್ತೆ, ಆರು ಕೋಳಿ.

ಇನ್ನು ನನ್ನ ಅಪ್ಪ. ಕೊಡಗಿನಲ್ಲಿ ನಾವು ಮಳೆಯನ್ನು ಇಂಚು, ಸೆಂಟುಗಳಲ್ಲಿ ಹೇಳುತ್ತೇವೆ. ನೂರು ಸೆಂಟಿಗೆ ಒಂದು ಇಂಚು. ಜೂನ್ ತಿಂಗಳಲ್ಲಿ ಇಬ್ಬರು ಎದುರಾದರೆ ‘ಊಟ ಆಯ್ತಾ’ ಎನ್ನುವ ಮೊದಲು ‘ನಿಮ್ಮಲ್ಲಿ ಎಷ್ಟು ಸೆಂಟ್?’ ಎನ್ನುತ್ತಾರೆ. ಎಸ್ಟೇಟಿನಲ್ಲಿ ದಿನಾ ಬೆಳಿಗ್ಗೆ ಏಳಕ್ಕೆ ಮಳೆ ಅಳೆಯುವ ಡಬ್ಬಿಯ ನೀರನ್ನು ಗೆರೆಯಿರುವ ಗ್ಲಾಸಿಗೆ ಸುರಿದು, ಲೆಕ್ಕ ಬರೆಯುವ ರೈಟರಿಗೆ ಕೂಗಿ ಹೇಳುವುದು ಅಪ್ಪನ ಕೆಲಸವಾಗಿತ್ತು. ತನ್ನ ಹೆಸರು ಬರೆಯಲು ಬಾರದ ಅಪ್ಪನಿಗೆ ಆ ಗೆರೆಗಳು ಮಾತ್ರ ಓದಲು ಬರುತ್ತಿದ್ದವು. ಕೆಲಸ ಬಿಟ್ಟು ಬರುವಾಗ ಎಸ್ಟೇಟಿನವರು ಶಾಲು ಹೊದಿಸಲು ಹೋದರೆ, ‘ಶಾಲು ಬೇಡ, ಆ ಹಳೇ ಡಬ್ಬಿ, ಗ್ಲಾಸು ಕೊಡಿ’ ಎಂದು ಕೇಳಿ ತಂದವನು. ಈಗ ಡಬ್ಬಿ ನಮ್ಮ ಅಂಗಳದಲ್ಲಿದೆ.

ಕಂಬ ಬಂದ ಮೊದಲ ವಾರದಿಂದಲೇ ಅಪ್ಪನಿಗೂ ನನಗೂ ಶುರುವಾಯಿತು. ಅಪ್ಪನ ಗ್ಲಾಸಿನಲ್ಲಿ ಅರುವತ್ತು ಸೆಂಟ್ ಇದ್ದ ದಿನ ಕಂಬ ಹದಿನೈದು ಎಂದಿತು. ಗ್ಲಾಸಿನಲ್ಲಿ ಒಂದು ಇಂಚು ಇಪ್ಪತ್ತು ಇದ್ದ ದಿನ ಕಂಬ ಮೂವತ್ತು ಎಂದಿತು.

‘ನಿನ್ನ ಕಂಬ ನಾಲ್ಕರಲ್ಲಿ ಒಂದು ಪಾಲು ಹೇಳ್ತದಲ್ಲ ಮಗಾ. ಬಾಕಿ ಮೂರು ಪಾಲು ಯಾರು ಕುಡಿದ್ರು?’ ಎಂದ ಅಪ್ಪ.

‘ಅದು ಫೈವ್ ಜಿ ಅಪ್ಪಾ. ನಿನ್ನ ಗ್ಲಾಸಿನ ತರ ಅಲ್ಲ.’

‘ಯಾವ ಜಿ ಆದ್ರೂ ನೀರು ನೀರೇ ಅಲ್ವಾ?’

ಗುಡ್ಡದ ಮೇಲೆ ಮಳೆ ಕಡಿಮೆ, ತಗ್ಗಿನಲ್ಲಿ ಜಾಸ್ತಿ ಎಂದು ನಾನೊಂದು ಸಿದ್ಧಾಂತ ಕಟ್ಟಿ ಅಪ್ಪನ ಬಾಯಿ ಮುಚ್ಚಿಸಿದೆ. ಪ್ರತಿದಿನವೂ ಸರಿಯಾಗಿ ನಾಲ್ಕನೇ ಒಂದು ಪಾಲೇ ಯಾಕೆ ಎಂದು ಈ ಗಣಿತದ ಪದವೀಧರನಿಗೆ ಹೊಳೆಯಲಿಲ್ಲ.

ಆ ದಿನ ಬೆಳಿಗ್ಗೆ ಅಪ್ಪ ಗ್ಲಾಸು ಹಿಡಿದು ಬಾಗಿಲಲ್ಲೇ ನಿಂತಿದ್ದ. ‘ಮೂರು ಇಂಚು ಅರುವತ್ತು. ಲೀಲನ್ನ ಇವತ್ತೇ ಆ ಮನೆಯಿಂದ ಏಳಿಸು ಮಗಾ’ ಎಂದ. ನಾನು ಕೊಡೆ ಬಿಡಿಸಿಕೊಂಡು ಹೊರಟೆ. ಕಚೇರಿಯಲ್ಲಿ ಪರದೆ ತೊಂಬತ್ತೆರಡು ಎನ್ನುತ್ತಿತ್ತು. ಫೋನು ಕೆಂಪಾಗಿ, ನಡುಗಿ, ‘ಎಚ್ಚರಿಕೆ ಕಳಿಸಲೇ?’ ಎಂದು ಕೇಳುತ್ತಿತ್ತು. ನನಗೆ ಮೈಯೆಲ್ಲ ಉರಿಯಿತು. ತೊಂಬತ್ತೆರಡು ಸೆಂಟಿಗೆ, ಒಂದು ಇಂಚೂ ತುಂಬದ ಮಳೆಗೆ, ಕೊಡಗಿನವರಿಗೆ ಎಚ್ಚರಿಕೆಯೇ? ಅಷ್ಟು ಮಳೆಗೆ ನಮ್ಮ ಭಾಗಮಂಡಲದ ಕಡೆಯವರು ಬಟ್ಟೆ ಒಣಗಲು ಹಾಕುತ್ತಾರೆ. ಬಿಸಿಲಲ್ಲಿ ಹುಟ್ಟಿದ ಕಂಪ್ಯೂಟರಿಗೆ ಮಳೆ ಎಂದರೆ ಏನೆಂದು ಗೊತ್ತು? ‘ಬೇಡ’ ಎಂದು ಗಟ್ಟಿಯಾಗಿ ಒತ್ತಿದೆ.

ಲೀಲಕ್ಕ ಕಸಬರಿಗೆ ಹಿಡಿದು ನಿಂತಿದ್ದಳು. ‘ನಾವು ಏಳ್ಬೇಕಾ ಸಾರ್? ರಾತ್ರಿಯಿಂದ ಬರೆಯ ನೀರು ಕೆಂಪಗೆ ಬರ್ತಾ ಉಂಟು.’

‘ತೊಂಬತ್ತೆರಡೇ ಸೆಂಟು ಲೀಲಕ್ಕ. ಆರಾಮವಾಗಿ ಹೋಗಿ ಗಂಜಿ ಕುಡಿಯಿರಿ.’

ಅವಳು ಹೋದಳು. ನಾನು ಬಿಳಿ ಹಾಳೆ ತೆಗೆದೆ. ‘ವಿಷಯ: ತಮ್ಮ ಕಂಬದ ಅನಗತ್ಯ ಗಾಬರಿಯ ಬಗ್ಗೆ.’ ಎರಡು ಪುಟ ಬರೆದೆ. ನಗರಗಳಿಗೆಂದು ಮಾಡಿದ ಯಂತ್ರವನ್ನು ಗುಡ್ಡದ ಮೇಲೆ ತಂದು ನಿಲ್ಲಿಸುವವರ ಅಜ್ಞಾನವನ್ನು ಬಿಡಿಸಿ ಹೇಳಿದೆ. ಕೆಳಗೆ ರುಜು ಹಾಕಿ ‘ಬಿ.ಎಸ್ಸಿ. (ಗಣಿತ)’ ಎಂದು ಸೇರಿಸಿದೆ. ಹಾಳೆಯ ಫೋಟೋ ತೆಗೆದು ಕಳಿಸಿದೆ. ಫೈವ್ ಜಿ ಅಲ್ಲವೇ, ಕಣ್ಣು ಮಿಟುಕಿಸುವಷ್ಟರಲ್ಲಿ ಹೋಯಿತು.

ನಾನು ಪತ್ರದ ಎರಡನೇ ಪುಟದಲ್ಲಿದ್ದಾಗ ಅಪ್ಪ ಲೀಲಕ್ಕನ ಬಾಗಿಲಲ್ಲಿದ್ದ. ಅಲ್ಲಿ ನಡೆದ ಮಾತುಕತೆ ಈಗ ನಮ್ಮ ಬೀದಿಯಲ್ಲಿ ಎಲ್ಲರಿಗೂ ಬಾಯಿಪಾಠವಾಗಿದೆ. ‘ಸಾರ್ ಬೇಡ ಅಂದಿದ್ದಾರಲ್ಲ ಮಾವ?’ ಎಂದಳಂತೆ ಲೀಲಕ್ಕ.

‘ಆ ಸಾರ್‌ನ ಕಿವಿ ಹಿಂಡಿ ಶಾಲೆಗೆ ಕಳಿಸಿದವ ನಾನು. ನೀನು ಅತ್ತೆಯನ್ನು ಹಿಡ್ಕೊ, ಕೋಳಿ ನಾನು ಹಿಡೀತೇನೆ.’

ಆರನೆಯ ಕೋಳಿ ಸಿಗದೆ ಅಪ್ಪ ಮಳೆಯಲ್ಲಿ ಮನೆಗೆ ಮೂರು ಸುತ್ತು ಬಂದನಂತೆ. ಅದನ್ನು ಕಂಕುಳಲ್ಲಿ ಇಟ್ಟುಕೊಂಡು ನಮ್ಮ ಅಂಗಳ ಮುಟ್ಟಿದ ಮೇಲೆ ಬರೆ ಕುಸಿದು, ಲೀಲಕ್ಕನ ಅಡುಗೆಮನೆಯ ಗೋಡೆ ಒಡೆದು ಒಲೆಯ ಮೇಲೆ ಕುಳಿತುಕೊಂಡಿತು. ಒಲೆಯ ಮೇಲೆ ಗಂಜಿಯಿತ್ತು. ಕುಡಿಯಿರಿ ಎಂದು ನಾನೇ ಹೇಳಿದ್ದ ಗಂಜಿ. ಸುದ್ದಿ ಕೇಳಿ ಓಡಿಹೋಗಿ ಅದನ್ನು ನೋಡಿದ ಮೇಲೆ ಎರಡು ದಿನ ನನಗೆ ಅನ್ನ ಇಳಿಯಲಿಲ್ಲ. ಆದರೆ ಸಿಟ್ಟು ಇಳಿಯಿತೆಂದು ತಿಳಿಯಬೇಡಿ. ನಾಲ್ಕು ಪಾಲು ಮಳೆಯನ್ನು ಒಂದು ಪಾಲು ಎನ್ನುವ ಆ ಕಂಬವನ್ನು ಕಿತ್ತು ಹಾಕಿಸುತ್ತೇನೆಂದು ಇನ್ನೊಂದು ಪತ್ರಕ್ಕೆ ಅಂಚು ಬಿಡುತ್ತಿದ್ದೆ. ಆಗ ಇಂಜಿನಿಯರ್ ಫೋನ್ ಮಾಡಿದರು.

‘ಸರ್, ತಮ್ಮ ಪತ್ರ ಓದಿದೆ. ತುಂಬ ಚೆನ್ನಾಗಿ ಬರೆದಿದ್ದೀರಿ. ಆದರೆ ಅದು ಸೆಂಟ್ ಅಲ್ಲ ಸರ್. ಮಿಲಿಮೀಟರ್.’

ಫೋನ್ ಇಟ್ಟು ಲೆಕ್ಕ ಮಾಡಿದೆ. ತೊಂಬತ್ತೆರಡು ಮಿಲಿಮೀಟರ್ ಎಂದರೆ ಮೂರು ಇಂಚು ಅರುವತ್ತೆರಡು ಸೆಂಟ್. ಅಪ್ಪನ ಗ್ಲಾಸಿಗೂ ಅಷ್ಟು ದೊಡ್ಡ ಯಂತ್ರಕ್ಕೂ ಇದ್ದ ವ್ಯತ್ಯಾಸ ಎರಡೇ ಸೆಂಟು. ಓದಲು ಬಾರದ ಅಪ್ಪನೂ ಬೆಂಗಳೂರಿನ ಕಂಪ್ಯೂಟರೂ ಮೊದಲ ದಿನದಿಂದ ಒಂದೇ ಮಾತು ಹೇಳುತ್ತಿದ್ದರು. ನಡುವೆ ಒಬ್ಬ ಪದವೀಧರ ನಿಂತಿದ್ದ.

ಲೀಲಕ್ಕ ನನ್ನನ್ನು ಬೈಯಲಿಲ್ಲ. ಅವಳ ಗೋಡೆ ರಿಪೇರಿಯಾಗುವವರೆಗೆ ಅವರೆಲ್ಲ ನಮ್ಮ ಮನೆಯಲ್ಲೇ ಇದ್ದರು. ಬೆಳಿಗ್ಗೆ ಕಚೇರಿ ಗುಡಿಸುತ್ತಾ, ‘ಇವತ್ತಿಂದು ಮಾವನ ಹತ್ರ ಕೇಳಿಯೇ ಬಂದಿದ್ದೇನೆ ಸಾರ್, ನೀವು ತೊಂದ್ರೆ ತಗೊಳ್ಬೇಡಿ’ ಎನ್ನುತ್ತಿದ್ದಳು. ಬೈದಿದ್ದರೇ ಚೆನ್ನಾಗಿತ್ತು.

ಅಲ್ಲಿಯವರೆಗೆ ಬರೀ ಅಂಕಿ ತೋರಿಸುತ್ತಿದ್ದ ಪರದೆ ಮುಂದಿನ ವಾರ ಬದಲಾಯಿತು. ‘ಮಿಲಿಮೀಟರ್’ ಎಂದು ದಪ್ಪ ಅಕ್ಷರ, ಅದರ ಕೆಳಗೆ ಇಂಚು, ಸೆಂಟ್. ಇನ್ನೂ ಕೆಳಗೆ ಸಣ್ಣದಾಗಿ, ‘ಕಡಿಮೆ ಓದಿದವರ ಅನುಕೂಲಕ್ಕಾಗಿ’. ನನಗೆ ರಕ್ತ ಕುದಿಯಿತು. ಇದು ನನ್ನ ಅಪ್ಪನಿಗೆ ಮಾಡಿದ ಅವಮಾನ. ಸಂಜೆ ಮನೆಗೆ ಹೋದವನೇ ಅಪ್ಪನಿಗೆ ಹೇಳಿ, ಇದನ್ನು ಸುಮ್ಮನೆ ಬಿಡುವುದಿಲ್ಲ ಎಂದೆ. ಅಪ್ಪ ಗ್ಲಾಸು ತೊಳೆಯುತ್ತಿದ್ದ. ಅದನ್ನು ಬೆಳಕಿಗೆ ಹಿಡಿದು, ‘ನಮ್ಮ ಮನೆಯಲ್ಲಿ ಅದು ಬೇಕಾದದ್ದು ಯಾರಿಗೆ ಮಗಾ?’ ಎಂದ.

ಆದರೂ ಹಾಳೆ ತೆಗೆದೆ. ಅಂಚು ಬಿಟ್ಟೆ. ‘ವಿಷಯ’ ಬರೆದೆ. ‘ಉಲ್ಲೇಖ’ ಎಂಬಲ್ಲಿ ನನ್ನದೇ ಹಿಂದಿನ ಪತ್ರವನ್ನು ಕಾಣಿಸಬೇಕಾಗಿ ಬಂತು. ಪೆನ್ನಿನ ಮುಚ್ಚಳ ಹಾಕಿದೆ.