ಫೋನಿನೊಳಗಿನ ಕಾಕಾ

ಹುಮನಾಬಾದಿನಲ್ಲಿ ಬಾಡಿಗೆ ಮನೆ ಸಿಗುವುದು ಬಹಳ ಸುಲಭ, ಮದುವೆಯಾಗಿದ್ದರೆ! ಗಂಡು ಒಬ್ಬನೇ ಹೋದರೆ ಅನುಮಾನ, ಹೆಣ್ಣು ಒಬ್ಬಳೇ ಹೋದರೆ ದೊಡ್ಡ ಅನುಮಾನ. ಮದುವೆಯಾಗದೆ ಇಬ್ಬರೂ ಹೋದರೆ ಅನುಮಾನವೇ ಇಲ್ಲ, ನೇರ ತೀರ್ಪು! ಒಂದೇ ಔಷಧ ಕಾರ್ಖಾನೆಯಲ್ಲಿ ದುಡಿಯುವ ನಾನೂ ರೇಣುಕಾಳೂ ಇಂಥ ಐದು ತೀರ್ಪು ಹೊತ್ತು ಆರನೆಯ ಬಾಗಿಲಿಗೆ ಹೊರಟಿದ್ದೆವು.

"ಈ ಸಲನೂ ಖರೇನೇ ಹೇಳೋಣು," ಎಂದಳು ರೇಣುಕಾ.

"ನಾ ಅದೀನಲ್ಲ!" ಎಂದೆ. ಸಕಲ ಜೀವರಾಶಿಗಳ ದನಿ ತೆಗೆಯಬಲ್ಲ ಮಹಾನ್ ಕಲಾವಿದ ನಾನು. ಮನೆಯೊಡತಿ ಕಸ್ತೂರಬಾಯಿಗೆ ಗೆಳೆಯನ ಫೋನಿನಿಂದ, ಬಸವಕಲ್ಯಾಣದ ನಮ್ಮ ಕಾಕಾನ ದನಿಯಲ್ಲಿ, ಕೆಮ್ಮಿನ ಸಮೇತ ನಿವೇದಿಸಿದೆ:

"ಖ್ಹು ಖ್ಹು... ಮದವಿ ನಾನೇ ನಿಂತು ಮಾಡೀನ್ರಿ ಬಾಯಾರ. ನಮ್ಮ ಮಹೇಶ ಬಂಗಾರದಂಥ ಹುಡುಗ. ಭಾಂಡೆನೂ ತಾನೇ ತಿಕ್ಕತಾನ್ರಿ!"

ಪಾತ್ರೆ ತಿಕ್ಕುವ ಆ ಕೊನೆಯ ಮಾತು ಬೇಡವಾಗಿತ್ತು. ಕಲಾವಿದನಿಗೆ ಉತ್ಸಾಹ ಬಂದರೆ ಹೀಗೆಯೇ.

ಕಸ್ತೂರಬಾಯಿ ಕಾಕಾಗೆ ಮರುಳಾದರು. ಎಷ್ಟು ಮರುಳಾದರೆಂದರೆ, ಕೀಲಿ ಕೊಡುವ ಮುನ್ನ ಹೊಸ ಸೊಸೆಯ ಉಡಿ ತುಂಬಬೇಕೆಂದು ಓಣಿಯ ಹೆಂಗಸರನ್ನೆಲ್ಲ ಕರೆದರು! ಆಗ ರೇಣುಕಾ ನನ್ನನ್ನು ನೋಡಿದ ನೋಟವನ್ನು ಅನುಕರಿಸಲು ನನ್ನಿಂದಲೂ ಆಗದು.

ಅಕ್ಕಿ, ಕೊಬ್ಬರಿ ಉಡಿಗೆ ಬಿದ್ದವು. "ಒಡಪು ಹಾಕಿ ಗಂಡನ ಹೆಸರ ಹೇಳವಾ!" ಎಂದರು ಹೆಂಗಸರು.

ರೇಣುಕಾ ತಡವರಿಸಲೇ ಇಲ್ಲ:

"ಸಜ್ಜಿ ರೊಟ್ಟಿ, ಪುಂಡಿ ಪಲ್ಯ, ಮ್ಯಾಲ ಬೆಣ್ಣಿ ಮುದ್ದಿ,
ಮಹೇಶರಾಯರು ಮಾತಿಗಿ ನಿಂತ್ರ ಊರಿಗೆಲ್ಲ ಇಲ್ಲ ನಿದ್ದಿ!"

"ಈಗ ನೀ ಹೇಂತಿ ಹೆಸರ ಹೇಳಪಾ," ಎಂದರು ಬಾಯಿ.

ನೂರು ದನಿಯ ಒಡೆಯನಿಗೆ ಸ್ವಂತದ್ದೊಂದು ಸಿಗಲಿಲ್ಲ! ಗಾಬರಿಯಲ್ಲಿ ಹೊರಬಿದ್ದದ್ದು, "ಖ್ಹು ಖ್ಹು... ರೇಣುಕಾ ನಮ್ಮ ಮನಿ ಲಕ್ಷ್ಮಿ ಇದ್ದಂಗ್ರಿ ಬಾಯಾರ..."

ಹೆಂಗಸರು ಬಿದ್ದು ಬಿದ್ದು ನಕ್ಕರು. ಬಾಯಿ ಒಬ್ಬರೇ ನಗಲಿಲ್ಲ. ಎಲ್ಲರೂ ಹೋದ ಮೇಲೆ ಕೇಳಿದರು: "ಕಾಕಾ ಯಾವಾಗ ಬಂದ್ರಪಾ ಬಸವಕಲ್ಯಾಣದಿಂದ?"

ಎಲ್ಲವನ್ನೂ ಒಪ್ಪಿಕೊಂಡೆ.

"ನನ್ನ ಮಗಳೂ ಪುಣೆದಾಗ ಒಬ್ಬ ಹುಡುಗನ ಜೋಡಿ ಹಿಂಗೇ ಇದ್ದಾಳ," ಎಂದರು ಬಾಯಿ. "ನಾಕ್ ದಿನ ಕಣ್ಣೀರ ಹಾಕೀನಿ, ಈಗ ಇಬ್ಬರಿಗೂ ರೊಟ್ಟಿ ಜೋಡಿ ತಿನ್ನಾಕ ಶೇಂಗಾ ಹಿಂಡಿ ಕಳಸಾಕತ್ತೀನಿ. ಅಕಿ ನನಗ ಖರೇ ಹೇಳಿದ್ಲು. ಓಣಿಗಿ ಮಾತ್ರ ಹಾಸ್ಟೆಲಿನ್ಯಾಗ ಅದಾಳಂತ ನಾನೇ ಹೇಳೀನಿ, ಅದು ಬ್ಯಾರೆ! ನಿನಗೇನ್ ಧಾಡಿ ಆಗಿತ್ತೋ ಖರೇ ಹೇಳಾಕ? ಮನಿ ರೇಣುಕಾಗ ಕೊಡ್ತೀನಿ. ನಿನ್ನ ಇಟ್ಕೋಬೇಕೋ ಬ್ಯಾಡೋ, ಅಕಿನೇ ಹೇಳ್ಲಿ."

ರೇಣುಕಾ ಒಂದು ಕ್ಷಣವೂ ಯೋಚಿಸಲಿಲ್ಲ. "ಈ ಮಹೇಶ ಬ್ಯಾಡ್ರಿ ಬಾಯಾರ. ಕಾಕಾ ಹೇಳಿದ ಮಹೇಶ ಇದ್ರ ಇರ್ಲಿ. ಆ ಭಾಂಡೆ ತಿಕ್ಕಾಂವ."

ಸದ್ಯ ಬಚ್ಚಲ ಕಲ್ಲಿನ ಮುಂದೆ ಕೂತು ಆ ಮಹೇಶನನ್ನೇ ಅನುಕರಿಸುತ್ತಿದ್ದೇನೆ. ಇಷ್ಟು ಕಷ್ಟದ ಮನುಷ್ಯನನ್ನು ನಾನು ಇದುವರೆಗೆ ಕಂಡಿಲ್ಲ!